ರಸ್ತೆ ಯಾರ ಮನೆ ಮೇಲೂ ಹೋಗುವುದಿಲ್ಲ

ಕಳೆದ ಭಾನುವಾರ ನಮ್ಮ ಕ್ಲಬ್ಬಿನಲ್ಲಿ ಒಬ್ಬರಿಗೆ ಸನ್ಮಾನ ಇತ್ತು. ಹಾರ ಹಾಕಿಸಿಕೊಂಡ ಮನುಷ್ಯ ಮೈಕಿನ ಮುಂದೆ ನಿಂತು ಮೊದಲು ಆಡಿದ ಮಾತು ಇದು: "ನಾನು ಒಂದು ಊರಿಗೆ ಸುಳ್ಳು ಹೇಳಿ ಬಂದೀನ್ರಿ."

ಸಭೆ ನಕ್ಕಿತು. (ಸನ್ಮಾನದ ಭಾಷಣದಲ್ಲಿ ಮೊದಲ ಸಾಲಿಗೆ ನಗುವುದು ನಮ್ಮಲ್ಲಿ ಪದ್ಧತಿ.) ನಾನೂ ನಕ್ಕೆ. ಕಾರ್ಯಕ್ರಮ ಏರ್ಪಡಿಸಿದವನೇ ನಾನು. ನಗದಿದ್ದರೆ ಹೇಗೆ?

ಅವರ ಹೆಸರು ದಾದಾಪೀರ್. ಹರಿಹರದವರು. ಬುಲ್‌ಡೋಜರ್ ಆಪರೇಟರ್. ನಮ್ಮ ಕಡೆಯ ನಾಲೆ ಕೆಲಸಗಳಲ್ಲಿ ಯಂತ್ರ ಕಲಿತು, ಆಮೇಲೆ ಮೂರು ವರ್ಷ ಸಮುದ್ರದಾಚೆ ದುಡಿದು ಬಂದವರು. ಇಂಡೋನೇಷ್ಯಾ ಕಡೆಯ ಒಂದು ದೊಡ್ಡ ದ್ವೀಪ. ಅದರ ಹೆಸರು, ಕಂಪನಿಯ ಹೆಸರು ಬರೆಯಬೇಡಿ ಎಂದಿದ್ದಾರೆ. ಬರೆಯುವುದಿಲ್ಲ.

ಅಲ್ಲಿ ದ್ವೀಪದ ಈ ತುದಿಯಿಂದ ಆ ತುದಿಗೆ ರಸ್ತೆಗಳ ಬಲೆಯನ್ನೇ ಹಾಸುತ್ತಿದ್ದಾರಂತೆ. ಎತ್ತಿನ ಗಾಡಿ ಇಲ್ಲ, ಸೈಕಲ್ ಇಲ್ಲ, ನಡೆದು ಹೋಗುವವರಂತೂ ಇಲ್ಲವೇ ಇಲ್ಲ. ಎರಡೂ ಕಡೆ ಬೇಲಿ. ಒಳಗೆ ಗಾಡಿ ಬಿಡಬೇಕಾದರೆ ಟೋಲ್ ಕೊಡಬೇಕು. (ಹಿಂದಿನ ಕಾಲದ ಸುಂಕದ ಕಟ್ಟೆ ಅಂದುಕೊಳ್ಳಿ.) ದಾವಣಗೆರೆಯಿಂದ ಹರಿಹರಕ್ಕೆ ಲಾರಿಗಳ ಹಿಂದೆ ಹೊಗೆ ಕುಡಿಯುತ್ತ ಓಡಾಡುವ ನನಗೆ ಇದು ಸ್ವರ್ಗದ ವರ್ಣನೆ. ಅಂಥ ರಸ್ತೆ ಮಾಡಿದ ಕೈ ನಮ್ಮ ಹರಿಹರದ್ದು ಎಂದರೆ ಶಾಲು ಹೊದಿಸದೆ ಬಿಡಲಾದೀತೆ?

ಎರಡು ಸಲ ಹೋಗಿ ಕರೆದೆ. ಎರಡು ಸಲವೂ ಬ್ಯಾಡ ಅಂದರು. ಮೂರನೆಯ ಸಲ, ಚಹಾ ತರಿಸಿ, ನನ್ನನ್ನೇ ನೋಡುತ್ತ ಕೇಳಿದರು: "ಸರ್, ಬೈಪಾಸ್ ಬಗ್ಗೆ ಪೇಪರ್ನಾಗೆ ಬರೆದೋರು ನೀವೇ ಅಲ್ರಿ?"

ಹೌದು ಎಂದೆ. ಹೆಮ್ಮೆಯಿಂದಲೇ.

"ಹಂಗಾದ್ರೆ ಬರ್ತೀನಿ," ಅಂದರು.

ನಿಮಗೆ ನೆನಪಿರಬಹುದು. ಎರಡು ತಿಂಗಳ ಹಿಂದೆ ಇದೇ ಅಂಕಣದಲ್ಲಿ ಬರೆದಿದ್ದೆ. ಊರಾಚೆ ಹರಿಹರದ ದಿಕ್ಕಿಗೆ ಮಂಡಕ್ಕಿ ಹುರಿಯುವ ಭಟ್ಟಿಯವರ ಒಂದು ಸಣ್ಣ ಓಣಿಯಿದೆ. ಬೈಪಾಸು ತಮ್ಮ ಮನೆಗಳ ಮೇಲೇ ಬರುತ್ತದೆಂದು ಅಲ್ಲಿಯವರು ಹೆದರಿದ್ದರು. ಪರಿಚಯದ ಅಧಿಕಾರಿಯೊಬ್ಬರು ಟೀ ಕುಡಿಯುತ್ತ, ಅದೆಲ್ಲ ಸುಳ್ಳು, ರಸ್ತೆ ಹಳ್ಳದ ಆಚೆಗೆ ಹೋಗುತ್ತದೆ ಎಂದರು. ನಾನು ಬಂದು ಬರೆದೆ: 'ರಸ್ತೆ ಯಾರ ಮನೆ ಮೇಲೂ ಹೋಗುವುದಿಲ್ಲ. ನಿಶ್ಚಿಂತೆಯಿಂದಿರಿ.'

ನಕ್ಷೆ ನೋಡಿದ್ದೆನೆ? ಇಲ್ಲ. ಓಣಿಗೆ ಹೋಗಿದ್ದೆನೆ? ಅದೂ ಇಲ್ಲ.

ಈಗ ಸಭೆಗೆ ಬನ್ನಿ.

ದಾದಾಪೀರ್ ಹೇಳುತ್ತ ಹೋದರು. ದನಿ ಏರಲಿಲ್ಲ. ಕ್ಯಾಂಪಿನ ಪಕ್ಕದಲ್ಲೊಂದು ಹಳ್ಳಿ, ಅಲ್ಲೊಂದು ಮಸೀದಿ. ಶುಕ್ರವಾರ ಇವರೂ ನಮಾಜಿಗೆ ಹೋಗುತ್ತಿದ್ದರು. ಆ ಊರ ಭಾಷೆ ಆರು ತಿಂಗಳಲ್ಲಿ ಅಷ್ಟಿಷ್ಟು ಬಂದಿತ್ತು. ಪ್ರತಿ ವಾರ ಪಕ್ಕದಲ್ಲಿ ನಿಲ್ಲುತ್ತಿದ್ದ ಮುದುಕರೊಬ್ಬರು ಮನೆಗೆ ಕರೆದು ಅನ್ನ ಹಾಕಿದರು. ಅವರ ಹೆಂಡತಿ ತೀರಿಕೊಂಡು ಎರಡು ವರ್ಷವಾಗಿತ್ತು. ಮನೆ ಹಿಂದೆಯೇ ಊರಿನ ಖಬರಸ್ತಾನ. ದಿನಾ ಸಂಜೆ ಆ ಗೋರಿಯ ಮೇಲೆ ಹೂ ಹಾಕಿ ಬರುತ್ತಿದ್ದರಂತೆ.

ಒಂದು ದಿನ ಮುದುಕರು ಕೇಳಿದರು, ರಸ್ತೆ ಎಲ್ಲಿ ಬರುತ್ತದೆ ಎಂದು. ದಾದಾಪೀರ್‌ಗೆ ಗೊತ್ತಿತ್ತು. ಸರ್ವೆ ಗೂಟಗಳನ್ನು ನೋಡಿದ್ದರು. ರಸ್ತೆಯ ಸಾಲಿನಲ್ಲಿ ಖಬರಸ್ತಾನವೂ ಇತ್ತು, ಹದಿನಾರು ಮನೆಗಳೂ ಇದ್ದವು. ಆದರೆ ಮೇಲಿನವರು ಹೇಳಿಕೊಟ್ಟಿದ್ದರು: ಯಾರಾದರೂ ಕೇಳಿದರೆ ಕೆರೆಯ ಆಚೆ ಅನ್ನು. ಇವರು ಹಾಗೇ ಅಂದರು. ಮುದುಕರು ಅದನ್ನು ಊರಿಗೆಲ್ಲ ಹೇಳಿದರು. ನಮ್ಮ ಸಾಲಿನಲ್ಲೇ ನಿಂತು ನಮಾಜು ಮಾಡುವವನು, ಸುಳ್ಳು ಹೇಳುತ್ತಾನೆಯೆ? ಊರು ನಂಬಿತು. ಯಾರೂ ತಕರಾರು ಮಾಡಲಿಲ್ಲ.

ಒಂದು ಬೆಳಿಗ್ಗೆ ಆರ್ಡರ್ ಬಂತು.

ದಾದಾಪೀರ್ ಒಂದು ದಿನದ ಅವಕಾಶ ಕೇಳಿದರು. ಅರ್ಧ ಗಂಟೆ ಕೊಟ್ಟರು. ಯಂತ್ರದಿಂದ ಇಳಿದು ಮುದುಕರ ಜೊತೆ ತಾವೂ ಗುದ್ದಲಿ ಹಿಡಿದು ಆ ಗೋರಿಯನ್ನು ಅಗೆದರು. ಸಿಕ್ಕಷ್ಟನ್ನು ಬಿಳಿ ಬಟ್ಟೆಯಲ್ಲಿ ಕಟ್ಟಿದರು. ಎಲ್ಲವೂ ಸಿಗಲಿಲ್ಲ. ಅಷ್ಟರಲ್ಲಿ ಸೀಟಿ ಊದಿದರು.

"ಆಮ್ಯಾಲೆ ನಾನೇ ಹತ್ತಿ ಓಡಿಸಿದೆ," ಅಂದರು ದಾದಾಪೀರ್. "ಪಾಸ್‌ಪೋರ್ಟ್ ಕಂಪನಿ ಕೈಯಾಗಿತ್ತು. ಅದೊಂದು ನೆಪ ಅನ್ರಿ. ಓಡಿಸಿದ್ದು ನಾನೇ."

ಮುಂದಿನ ಶುಕ್ರವಾರ ಮಸೀದಿಯ ಬಾಗಿಲಲ್ಲಿ ನಿಂತರಂತೆ, ಒಳಗೆ ಹೋಗುವ ಧೈರ್ಯವಿಲ್ಲದೆ. ಮುದುಕರು ತಿರುಗಿ ನೋಡಿದರು. ಪಕ್ಕಕ್ಕೆ ಸರಿದು ಜಾಗ ಮಾಡಿದರು.

"ಬೈದಿದ್ರೆ ಅಲ್ಲೇ ಇದ್ದುಬಿಡ್ತಿದ್ದೆ," ಅಂದರು. "ಜಾಗ ಮಾಡಿದ್ರಲ್ಲ, ಅದಕ್ಕೆ ಇರಾಕೆ ಆಗಲಿಲ್ಲ."

ಈಗ ಯಾರೂ ನಗುತ್ತಿರಲಿಲ್ಲ.

ಆಮೇಲೆ ದಾದಾಪೀರ್ ನನ್ನ ಕಡೆ ತಿರುಗಿದರು. ನಮ್ಮ ಬೈಪಾಸಿನ ಕೆಲಸಕ್ಕೆ ತಮ್ಮನ್ನು ಕೇಳಲು ಜನ ಬಂದಿದ್ದರಂತೆ. ಜಾಗ ತೋರಿಸಲು ಕರೆದುಕೊಂಡು ಹೋದರಂತೆ. ಈ ಕಡೆ ಜೋಳದ ಹೊಲದಲ್ಲೊಂದು ಗೂಟ, ಆ ಕಡೆ ಹಳ್ಳದ ದಂಡೆಯಲ್ಲೊಂದು ಗೂಟ. ಎರಡಕ್ಕೂ ಸಾಲು ಹಿಡಿದು ನೋಡಿದರೆ ನಡುವೆ ಮಂಡಕ್ಕಿಯವರ ಓಣಿ. ಆ ಕೆಲಸ ತಮಗೆ ಬೇಡ ಎಂದು ಹೇಳಿ ಬಂದಿದ್ದರು. "ನೀವು ಬರೆದಿದ್ದು ಸುಳ್ಳೈತ್ರಿ ಸರ್. ಅದನ್ನ ಎಲ್ಲರ ಮುಂದೆ ಹೇಳಾಕೆ ಬಂದೆ."

ಅಧ್ಯಕ್ಷರಾದ ಮುರಿಗೆಪ್ಪನವರು ಜವಳಿ ವ್ಯಾಪಾರಿ. ಸಭೆ ನಡೆಸಿ ಅನುಭವವುಳ್ಳವರು. ಎದ್ದು, ಒಂದು ಸಲ ಕೆಮ್ಮಿ, ಏನೇ ಆಗಲಿ ಆ ದೇಶದ ರಸ್ತೆ ಮಾತ್ರ ಫಸ್ಟ್ ಕ್ಲಾಸ್ ಇರಬೇಕಲ್ಲವೆ ಎಂದು ಕೇಳಿದರು. ದಾದಾಪೀರ್ ಹೌದು ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಉಪ್ಪಿಟ್ಟು ಬಂತು.

ನಾನು ತಟ್ಟೆ ಬದಿಗಿಟ್ಟು, ನನ್ನ ಜೊತೆ ಆ ಓಣಿಗೆ ಬನ್ನಿ ಎಂದು ದಾದಾಪೀರ್ ಅವರನ್ನು ಕೇಳಿದೆ.

ಮರುದಿನ ಬೆಳಿಗ್ಗೆ ಇಬ್ಬರೂ ಓಣಿಗೆ ಹೋದೆವು. ಮೊದಲ ಮನೆ ನಿಂಗಮ್ಮ ಎಂಬಾಕೆಯದು. ಅಂಗಳದಲ್ಲಿ ಹೊಸ ಭಟ್ಟಿ, ಇನ್ನೂ ಹಸಿ ಮಣ್ಣಿನ ವಾಸನೆ. ನಾನು ಯಾರೆಂದು ಹೇಳಿದೆ. ಆಕೆ ಒಳಗೆ ಹೋಗಿ ಒಂದು ಹಾಳೆ ತಂದರು. ನನ್ನದೇ ಅಂಕಣ. ಅಳಿಯ ಓದಿ ಹೇಳಿದ್ದನಂತೆ. ಅದಕ್ಕೂ ಮುಂಚೆ ಓಣಿಯವರೆಲ್ಲ ಸೇರಿ ತಕರಾರು ಅರ್ಜಿ ಬರೆಸಿ, ಹೆಬ್ಬೆಟ್ಟು ಒತ್ತಿ ಸಿದ್ಧವಾಗಿಟ್ಟಿದ್ದರಂತೆ. ನನ್ನದನ್ನು ಓದಿಸಿದ ಮೇಲೆ ಕೊಡಲಿಲ್ಲ. ಬದಲಿಗೆ ಭಟ್ಟಿ ಕಟ್ಟಿಸಿದರು.

ರಸ್ತೆ ಇಲ್ಲೇ ಬರುತ್ತದೆ ಎಂದು ನಾನೇ ಹೇಳಬೇಕಾಯಿತು. ದಾದಾಪೀರ್ ಆಕೆಯನ್ನು ಹೊಲಕ್ಕೆ ಕರೆದುಕೊಂಡು ಹೋಗಿ ಗೂಟ ತೋರಿಸಿದರು. ಆಕೆ ಅಲ್ಲಿಂದ ತಮ್ಮ ಮನೆಯನ್ನು ಬಹಳ ಹೊತ್ತು ನೋಡಿದರು.

"ನೀವು ಬಂದು ನೋಡಿ ಬರೆದಿದ್ರೇನ್ರಿ?" ಎಂದರು.

ಇಲ್ಲಮ್ಮ ಎಂದೆ.

ಅರ್ಜಿ ಹಿಡಿದು ಅಲ್ಲಿಂದ ಸೀದಾ ಬೈಪಾಸಿನ ಭೂಸ್ವಾಧೀನ ಕಚೇರಿಗೆ ಹೋದೆವು, ಓಣಿಯ ಹತ್ತಿಪ್ಪತ್ತು ಜನರ ಜೊತೆಗೆ. ಗುಮಾಸ್ತ ತಾರೀಖು ನೋಡಿ ವಾಪಸು ಕೊಟ್ಟ. ತಕರಾರಿನ ಗಡುವು ಮುಗಿದು ಮೂರು ವಾರವಾಗಿದೆ. ನಿಂಗಮ್ಮ ಕಾಗದ ಮಡಚಿ ಸೆರಗಿನಲ್ಲಿ ಕಟ್ಟಿಕೊಂಡು ಮೆಟ್ಟಿಲ ಮೇಲೆ ಕೂತರು. ಅವರ ಪಕ್ಕ ದಾದಾಪೀರ್ ಕೂತರು. ನಾನು ಒಳಗೆ ಹೋಗಿ ಆ ಅಧಿಕಾರಿಯನ್ನು ಕಂಡು, ನೀವೇ ಅಲ್ಲವೆ ನನಗೆ ಹಾಗೆ ಹೇಳಿದ್ದು ಎಂದೆ.

ಅವರು ಸಿಟ್ಟಾಗಲಿಲ್ಲ. ಕುರ್ಚಿ ತೋರಿಸಿದರು. "ಟೀ ಕುಡೀತಾ ಏನೋ ಅಂದಿರಬಹುದು ಸರ್," ಎಂದರು. "ಪೇಪರಿಗೆ ಬರೆದೋರು ಯಾರು?"

ಉತ್ತರ ಹುಡುಕಬೇಕಾಗಿಲ್ಲ, ಆ ಹೆಸರು ಪ್ರತಿ ವಾರ ಈ ಅಂಕಣದ ತಲೆಯ ಮೇಲೇ ಅಚ್ಚಾಗುತ್ತದೆ.