ತಾನಾಗಿ ಅಲುಗಿದ ಬಿಳಿ ಚೆಂಡು

ಮೈಮೇಲೆ ಬರುವುದು, ಕನಸಿನಲ್ಲಿ ಸೂಚನೆ ಸಿಗುವುದು, ಸತ್ತವರು ಕಾಣಿಸಿಕೊಳ್ಳುವುದು, ಇಂಥ ಮಾತು ಯಾರಾದರೂ ಎತ್ತಿದರೆ ನಾನು ಎದ್ದು ಹೋಗುತ್ತಿದ್ದವನು. ಸುಮ್ಮನೆ ಹೋಗುತ್ತಲೂ ಇರಲಿಲ್ಲ, ಒಂದು ಕುಹಕ ಆಡಿಯೇ ಹೋಗುತ್ತಿದ್ದೆ. ಹೆಗ್ಗರಣೆಯ ನೆಂಟರೊಬ್ಬರು ತಮಗಾದ ಅನುಭವ ಹೇಳುತ್ತಿದ್ದಾಗ, "ಅವತ್ತು ಊಟಕ್ಕೆ ಎಂತ ಇತ್ತು? ಅಜೀರ್ಣ ಆಗಿರಬೇಕು" ಎಂದು ಅವರ ಬಾಯಿ ಮುಚ್ಚಿಸಿದ್ದೆ. ಆ ಪುಣ್ಯಾತ್ಮರು ಇದನ್ನು ಓದಿದರೆ ನಗಬಹುದು. ನಗಲಿ. ನನಗಾದದ್ದನ್ನು ಆದ ಹಾಗೆ ಹೇಳುತ್ತೇನೆ, ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು.

ಶಿರಸಿಯಲ್ಲಿ ನನ್ನದು ನಲ್ಲಿ, ಪೈಪು ಮಾರುವ, ಕೂರಿಸಿಕೊಡುವ ಅಂಗಡಿ. ಇರುವುದೊಂದೇ ಚಟ, ಪೂಲ್ ಆಟ. ಹಸಿರು ಬಟ್ಟೆ ಹೊದಿಸಿದ ಟೇಬಲ್ಲು, ಆರು ಪಾಕೆಟ್ಟು, ಬಿಳಿ ಚೆಂಡಿಗೆ ಸ್ಟಿಕ್ಕಿನಿಂದ ಹೊಡೆದು ಉಳಿದ ಚೆಂಡುಗಳನ್ನು ಪಾಕೆಟ್ಟಿಗೆ ಇಳಿಸುವುದು, ಕೊನೆಗೆ ಕರಿ ಚೆಂಡು. ಇದನ್ನು ನನಗೆ ಕಲಿಸಿದವನು ಯಲ್ಲಾಪುರದ ಸಲೀಮ. ಅವರ ಮನೆಯವರದು ಲಾರಿ ವ್ಯವಹಾರ. ಇವನು ಮಾತ್ರ ಎಲ್ಲಿಂದಲೋ ಒಂದು ಹಳೇ ಟೇಬಲ್ ತಂದು, ಶಿರಸಿಯ ಒಂದು ಮಹಡಿಯ ಮೇಲೆ ಇಟ್ಟುಕೊಂಡು, ಆಡಬೇಕೆನ್ನುವವರಿಗೆಲ್ಲ ಬಾಗಿಲು ತೆರೆದಿದ್ದ.

ಅವನ ಕೋಣೆಯಲ್ಲಿ ಒಂದು ಪದ್ಧತಿ ಇತ್ತು. ಅಂಗಿಯ ತೋಳೋ ಬೆರಳೋ ಚೆಂಡಿಗೆ ತಾಗಿದರೆ ಅದು ತಪ್ಪು, ಸರದಿ ಎದುರಾಳಿಗೆ ಹೋಗಬೇಕು. ಆದರೆ ಆ ತಪ್ಪನ್ನು ಬೇರೆ ಯಾರೂ ಹೇಳುವಂತಿರಲಿಲ್ಲ. ಮಾಡಿದವನೇ ತನ್ನ ಸ್ಟಿಕ್ಕನ್ನು ಟೇಬಲ್ಲಿನ ಮೇಲೆ ಅಡ್ಡ ಇಟ್ಟು "ನಂದು ತಾಗ್ತು" ಅನ್ನಬೇಕು. ನೋಡಿದವರು ನೋಡಿಯೂ ನೋಡದವರ ಹಾಗೆ ಕಾಯಬೇಕು. ಹೊರಗಿನವರಿಗೆ ಇದು ಹುಚ್ಚಾಟ ಅನಿಸೀತು. ಆದರೆ ಅಲ್ಲಿ ಒಂದು ದಿನವೂ ಜಗಳ ಆದದ್ದಿಲ್ಲ. ಸಲೀಮನ ಮಾತೆಂದರೆ ಮಾತು ಎಂದು ಊರಲ್ಲಿ ಹೆಸರಿತ್ತು, ಅವನಿಗೆ ಅದರ ಹೆಮ್ಮೆಯೂ ಇತ್ತು.

ಆ ಪದ್ಧತಿಯನ್ನು ಮುರಿದವನು ನಾನು. ಸಿದ್ದಾಪುರದಲ್ಲಿ ಪರಿಚಯದವರೊಬ್ಬರು ಹೊಸ ಟೇಬಲ್ ತರಿಸಿ, ಒಂದು ಭಾನುವಾರ ನಮ್ಮನ್ನೆಲ್ಲ ಕರೆದಿದ್ದರು. ಅಲ್ಲೂ ನಮ್ಮದೇ ಪದ್ಧತಿ. ಕೊನೆಯ ಆಟ ನನಗೂ ಸಲೀಮನಿಗೂ ಬಿತ್ತು. ಸುತ್ತ ಮೂವತ್ತು ಜನ ನಿಂತಿದ್ದರು. ನನ್ನವು ಇನ್ನೂ ಮೂರು ಚೆಂಡು ಟೇಬಲ್ಲಿನ ಮೇಲಿದ್ದವು, ಅವನಿಗೆ ಉಳಿದದ್ದು ಕರಿ ಚೆಂಡೊಂದೇ, ಅದೂ ಮೂಲೆಯ ಪಾಕೆಟ್ಟಿನ ಬಾಯಲ್ಲೇ ಕೂತಿತ್ತು. ಬಿಳಿ ಚೆಂಡು ಉದ್ದದ ಅಂಚಿಗೆ ಒತ್ತಿಕೊಂಡು ನಿಂತಿತ್ತು. ಅವನು ಬಗ್ಗಿ ಗುರಿ ಹಿಡಿದ. ಬಿಳಿ ಚೆಂಡು ಚೂರು ಅಲುಗಿತು.

"ತಾಗಿಸ್ದೆ! ತೋಳು ತಾಗ್ತು!" ಎಂದು ನಾನು ಕೂಗಿಬಿಟ್ಟೆ.

ಸಲೀಮ ತಲೆ ಎತ್ತಿ ನನ್ನನ್ನು ನೋಡಿದ. "ಇಲ್ಲ. ಅದು ತಾನೇ ಅಲುಗಿದ್ದು" ಅಂದ. ಯಾರೋ ನಕ್ಕರು. ಅವನು ಸ್ಟಿಕ್ಕನ್ನು ಗೋಡೆಗೆ ಆನಿಸಿಟ್ಟು, ಚಪ್ಪಲಿ ಮೆಟ್ಟಿಕೊಂಡು ಹೊರಟೇ ಹೋದ. ತಿಂಗಳೊಳಗೆ ಶಿರಸಿಯ ಟೇಬಲ್ ಮಾರಿ ಯಲ್ಲಾಪುರ ಸೇರಿಕೊಂಡ. ನಾನು ಫೋನ್ ಮಾಡಲಿಲ್ಲ. ಸತ್ಯ ಹೇಳಿದ್ದಕ್ಕೆ ಯಾಕೆ ಕ್ಷಮೆ ಕೇಳಬೇಕು ಎಂಬ ಜಂಬ. ಹೀಗೆ ಎಂಟು ವರ್ಷ ಕಳೆಯಿತು.

ಹೋದ ವರ್ಷ ಹೆಂಡತಿಯೊಂದಿಗೆ ಮಲೇಶಿಯಾದ ಪಿನಾಂಗಿಗೆ ಪ್ರವಾಸ ಹೋಗಿದ್ದೆ. ಎಲ್ಲೇ ಹೋಗಲಿ, ಒಂದು ಒಳ್ಳೆಯ ಪೂಲ್ ಟೇಬಲ್ ಹುಡುಕದಿದ್ದರೆ ನನಗೆ ಆ ಊರು ನೋಡಿದ ಹಾಗೇ ಅನಿಸುವುದಿಲ್ಲ. ಹೊಟೇಲಿನವರು ತೋರಿಸಿದ ಟೇಬಲ್ಲಿನ ಮೇಲೆ ಮಕ್ಕಳು ಕೂತು ಐಸ್‌ಕ್ರೀಮ್ ತಿನ್ನುತ್ತಿದ್ದವು. ದೊಡ್ಡ ಮಾಲ್ ಒಂದರಲ್ಲಿ ಹತ್ತು ಟೇಬಲ್ಲುಗಳೇನೋ ಇದ್ದವು, ಆದರೆ ಕಿವಿ ಹರಿಯುವ ಹಾಡು, ಬಟ್ಟೆಯ ಮೇಲೆಲ್ಲ ತಂಪು ಪಾನೀಯದ ಕಲೆ. ಥೂ, ಇದಕ್ಕಾಗಿ ಸಮುದ್ರ ದಾಟಿ ಬಂದೆನೇ ಎಂದು ಬೈದುಕೊಂಡೆ. ಮಾರನೆಯ ದಿನ ಹೆಂಡತಿಯನ್ನು ಪ್ರವಾಸದ ತಂಡದ ಜೊತೆ ಪೇಟೆಗೆ ಕಳಿಸಿ, ಹಳೇ ಬೀದಿಗಳಲ್ಲಿ ಒಬ್ಬನೇ ಅಲೆದೆ. ಮಧ್ಯಾಹ್ನದ ಹೊತ್ತಿಗೆ ಒಂದು ಬುಟ್ಟಿ ಅಂಗಡಿಯ ಮಹಡಿಯಿಂದ ಚೆಂಡಿಗೆ ಚೆಂಡು ತಾಗುವ ಸದ್ದು ಕೇಳಿಸಿತು.

ಮೇಲೆ ನಾಲ್ಕು ಟೇಬಲ್ಲು, ಕಿಟಕಿಯಿಂದ ಧಾರಾಳ ಬೆಳಕು, ಹಾಡಿಲ್ಲ, ಗದ್ದಲವಿಲ್ಲ. ಚೀನೀ ಮುದುಕರೊಬ್ಬರು ಒಬ್ಬರೇ ಆಡುತ್ತಿದ್ದರು, ಜಾಗವೂ ಅವರದೇ. ನಾನು ನನ್ನ ಪರೀಕ್ಷೆಗಳನ್ನೆಲ್ಲ ಮಾಡಿದೆ. ಸ್ಟಿಕ್ಕನ್ನು ಟೇಬಲ್ಲಿನ ಮೇಲೆ ಉರುಳಿಸಿ ಸೊಟ್ಟ ಇದೆಯೇ ನೋಡಿದೆ. ಒಂದು ಚೆಂಡನ್ನು ಮೆತ್ತಗೆ ಉದ್ದಕ್ಕೂ ಅಡ್ಡಕ್ಕೂ ಬಿಟ್ಟು ಮಟ್ಟ ನೋಡಿದೆ. ಪೈಪಿನ ಇಳಿಜಾರು ನೋಡಿಯೇ ಹೊಟ್ಟೆ ಹೊರೆಯುವವನು ನಾನು, ಮಟ್ಟದ ವಿಷಯದಲ್ಲಿ ನನ್ನ ಕಣ್ಣು ಮೋಸ ಹೋಗುವುದಿಲ್ಲ. ಟೇಬಲ್ ನಿಂತ ನೀರಿನ ಹಾಗೆ ಮಟ್ಟವಾಗಿತ್ತು. ಮುದುಕರು ನೋಡಿ ಮೆಚ್ಚಿಕೊಂಡು ತಲೆಯಾಡಿಸಿ, ಆಟಕ್ಕೆ ಕರೆದರು. ಇಬ್ಬರ ಇಂಗ್ಲಿಷೂ ಅಷ್ಟಕ್ಕಷ್ಟೇ, ಆದರೆ ಆಟಕ್ಕೆ ಮಾತು ಬೇಕಾಗಲಿಲ್ಲ.

ಎರಡನೆಯ ಆಟದಲ್ಲಿ ನಾನು ಗೆಲ್ಲುವ ಹಂತಕ್ಕೆ ಬಂದೆ. ಅವರವು ಮೂರು ಚೆಂಡು ಉಳಿದಿದ್ದವು. ನನಗೆ ಕರಿ ಚೆಂಡೊಂದೇ, ಮೂಲೆಯ ಪಾಕೆಟ್ಟಿನ ಬಾಯಲ್ಲಿ. ಬಿಳಿ ಚೆಂಡು ಉದ್ದದ ಅಂಚಿಗೆ ಒತ್ತಿಕೊಂಡಿತ್ತು. ಇದನ್ನು ಎಲ್ಲಿಯೋ ನೋಡಿದ್ದೇನಲ್ಲ ಎಂದು ಹೊಳೆಯುವಷ್ಟರಲ್ಲಿ ಸಿದ್ದಾಪುರ ನೆನಪಾಯಿತು. ನಾನು ಗಿಡ್ಡ ತೋಳಿನ ಟೀ ಶರ್ಟ್ ಹಾಕಿದ್ದೆ, ಚೆಂಡಿಗೆ ತಾಗಲು ತೋಳೇ ಇರಲಿಲ್ಲ. ಬಗ್ಗಿದೆ. ಕೈ ಇನ್ನೂ ಬಟ್ಟೆಯ ಮೇಲೆ ಊರಿರಲಿಲ್ಲ, ಸ್ಟಿಕ್ಕಿನ ತುದಿ ಚೆಂಡಿನಿಂದ ಒಂದು ಗೇಣು ದೂರದಲ್ಲಿತ್ತು.

ಬಿಳಿ ಚೆಂಡು ಅಲುಗಿತು. ಅಂಚು ಬಿಟ್ಟು ಎರಡು ಬೆರಳಷ್ಟು ಈಚೆ ಬಂದು ನಿಂತಿತು.

ಫ್ಯಾನ್ ತಿರುಗುತ್ತಿರಲಿಲ್ಲ. ಕೆಳಗೆ ಲಾರಿ ಹೋದ ಸದ್ದಿಲ್ಲ, ಬೇರೆ ಚೆಂಡು ಒಂದೂ ಕದಲಿರಲಿಲ್ಲ. ನಾನು ಹಾಗೇ ಬಗ್ಗಿ ನಿಂತಿದ್ದೆ. ಮುದುಕರು ಎದುರಿನಿಂದ "ಫೌಲ್" ಎಂದರು. ನಾನು "ನೋ, ನೋ" ಎಂದು ಕೈ ಆಡಿಸಿದೆ, ಮುಟ್ಟಿಲ್ಲ, ತಾನೇ ಅಲುಗಿತು ಎಂದು ಬರುವ ಇಂಗ್ಲಿಷಿನಲ್ಲೆಲ್ಲ ಹೇಳಿದೆ. ಅವರು ವಾದಿಸಲಿಲ್ಲ. ಸುಮ್ಮನೆ ನಕ್ಕರು. ಸುಳ್ಳು ಹೇಳುವವನ ಎದುರು ಮರ್ಯಾದಸ್ಥರು ನಗುವ ನಗು ಅದು. ದೇವರಾಣೆ, ನನ್ನ ಕಣ್ಣಲ್ಲಿ ನೀರು ಬಂತು. ಸ್ಟಿಕ್ಕು ಇಟ್ಟು, ಆಟ ಮುಗಿಸದೆ ಮೆಟ್ಟಿಲಿಳಿದೆ.

ಹೊಟೇಲಿನಲ್ಲಿ ಹೆಂಡತಿ ನೋಡಿದವಳೇ, "ಎಂತ ಆತು? ಮೋರೆ ಎಂತಕ್ಕೆ ಹೀಂಗಾಜು?" ಅಂದಳು. ಬಿಸಿಲು ಎಂದೆ.

ಊರಿಗೆ ಬಂದ ಮೇಲೂ ಯಲ್ಲಾಪುರಕ್ಕೆ ಹೋಗಲು ಮೂರು ತಿಂಗಳು ಬೇಕಾಯಿತು ನೋಡಿ, ಅಷ್ಟು ಸೊಕ್ಕು. ಸಲೀಮ ಹೆದ್ದಾರಿಯ ಪಕ್ಕ ಲಾರಿ ಟಯರುಗಳ ಅಂಗಡಿ ಇಟ್ಟಿದ್ದ. ಗಡ್ಡ ಪೂರ್ತಿ ಬೆಳ್ಳಗಾಗಿತ್ತು. "ಅರೆ! ದಾರಿ ತಪ್ತೇನೋ ಮಾರಾಯ?" ಎಂದು ಸ್ಟೂಲು ಒರೆಸಿ ಕೂರಿಸಿ, ಚಾ ತರಿಸಿದ. ನಾನು ನಡೆದದ್ದನ್ನೆಲ್ಲ ಹೇಳಿದೆ. "ನೀನು ಅವತ್ತು ಹೇಳಿದ್ದು ಖರೆ. ಚೆಂಡು ತಾನಾಗಿ ಅಲುಗ್ತದೆ, ನಾನೇ ಕಣ್ಣಾರೆ ಕಂಡೆ. ನನ್ನದು ತಪ್ಪಾಯ್ತು ಸಲೀಮ" ಎಂದೆ.

ಅವನು ಚಾ ಲೋಟ ಕೆಳಗಿಟ್ಟ.

"ಇಲ್ವೋ" ಅಂದ. "ಅವತ್ತು ತೋಳು ತಾಗಿತ್ತು. ನಂಗೆ ಗೊತ್ತಾಗಿತ್ತು. ಸ್ಟಿಕ್ಕು ಅಡ್ಡ ಇಡೂಕೇ ಕೈ ಇಳಿಸಿದ್ದೆ, ಅಷ್ಟ್ರಲ್ಲಿ ನೀ ಕೂಗ್ದೆ. ಅಷ್ಟು ಜನರ ಎದುರು ಕಳ್ಳ ಆದ್ಮೇಲೆ ಎಂತ ಹೇಳೂದು? ಇಲ್ಲ ಅಂದ್ಬಿಟ್ಟೆ. ನನ್ನ ಜನ್ಮದಲ್ಲಿ ಆ ಟೇಬಲ್ ಮೇಲೆ ಹೇಳಿದ್ದು ಅದೊಂದೇ ಸುಳ್ಳು. ಮತ್ತೆ ಸ್ಟಿಕ್ಕು ಹಿಡೀಲಿಕ್ಕೆ ಮನಸ್ಸು ಬರ್ಲೇ ಇಲ್ಲ."

ಶಿರಸಿಗೆ ಬಾ, ಒಂದು ಆಟ ಆಡೋಣ ಎಂದೆ. "ಬೇಡ ಮಾರಾಯ" ಎಂದು ನಕ್ಕು, ಬಸ್ಸು ಹತ್ತಿಸಿ ಹೋದ.

ಅವನ ತೋಳು ತಾಗಿದ್ದೇ ನಿಜವಾದರೆ ಪಿನಾಂಗಿನ ಚೆಂಡು ನನಗೆ ಏನನ್ನು ತೋರಿಸಿತು? ಬಲ್ಲವರನ್ನು ಕೇಳಿದ್ದೇನೆ. ಭೂಮಿ ಕಂಪಿಸಿರಬೇಕು ಎಂದರು ಒಬ್ಬರು, ನಿನ್ನ ಕಣ್ಣು ಕಟ್ಟಿತು ಎಂದರು ಇನ್ನೊಬ್ಬರು. ಹೆಗ್ಗರಣೆಯ ನೆಂಟರನ್ನು ಮಾತ್ರ ಕೇಳಲು ಮುಖವಿಲ್ಲ. ಸಿದ್ದಾಪುರದಲ್ಲಿ ಸಲೀಮನ ಸ್ಟಿಕ್ಕು ಕೆಳಗೆ ಇಳಿಯುತ್ತಿದ್ದದ್ದು ನನಗೆ ಕಂಡಿತ್ತೇ ಎಂದು ಎಷ್ಟೋ ಸಲ ಯೋಚಿಸಿದ್ದೇನೆ. ಕಂಡಿತ್ತು ಅಂತಲೇ ಅನಿಸುತ್ತದೆ. ಒಂದು ಕ್ಷಣ ಕಾದಿದ್ದರೆ ತಪ್ಪನ್ನು ಅವನೇ ಹೇಳುತ್ತಿದ್ದ. ಆ ಚೆಂಡು ಯಾಕೆ ಅಲುಗಿತು ಎಂಬುದು ನನಗೆ ಇವತ್ತಿಗೂ ಗೊತ್ತಿಲ್ಲ. ನಾನು ಯಾಕೆ ಕೂಗಿದೆ ಎಂಬುದು ಗೊತ್ತು. ನಾನು ಸೋಲುತ್ತಿದ್ದೆ.