ಬೆಳ್ಳಿ ಕರಡಿಗೆ ಬಿಚ್ಚಿದ್ದು

ನನ್ನ ಗಂಡನ ಹೊಟ್ಟೆಯ ದೊಡ್ಡ ರಕ್ತನಾಳ ಉಬ್ಬಿತ್ತು. ಸೊಲ್ಲಾಪುರದಲ್ಲಿ ಹೊಟ್ಟೆ ಕೊಯ್ಯದೆ, ತೊಡೆಸಂದಿಯ ಎರಡು ತೂತುಗಳಿಂದಲೇ ಒಳಗೆ ಬಟ್ಟೆಯ ಕೊಳವೆ ಕೂರಿಸಿದರು. ವಾರದೊಳಗೆ ನಮ್ಮೂರು ಮುರುಮಕ್ಕೆ ಬಂದು ಕಬ್ಬಿನ ಬದುವಿನ ಮೇಲೆ ನಿಂತಿದ್ದರು. ಹೊಲಿಗೆಯೇ ಇಲ್ಲ, ಅಂದಮೇಲೆ ರೋಗವೂ ಇಲ್ಲ ಎಂದು ತಿಳಿದದ್ದು ಅವರೊಬ್ಬರೇ ಅಲ್ಲ, ನಾನೂ.

ವರ್ಷಕ್ಕೊಮ್ಮೆ ಸ್ಕ್ಯಾನ್ ಮಾಡಿಸಿ ಎಂದು ಡಾಕ್ಟರು ಹೇಳಿದ್ದರು. ಕೊಳವೆ ಜಾರಬಹುದು, ಬದಿಯಿಂದ ರಕ್ತ ಸೋರಬಹುದು, ಉಬ್ಬು ಬೆಳೆದು ಒಡೆದರೆ ಮನುಷ್ಯ ಉಳಿಯುವುದು ಕಷ್ಟ. ಮೊದಲ ವರ್ಷ ಉಮರ್ಗಾಕ್ಕೆ ಹೋದೆವು. ಸ್ಕ್ಯಾನ್ ಮಾಡುವ ಹೆಣ್ಣುಮಗಳು ಇವರ ಹೊಟ್ಟೆಯ ಮೇಲೆ ಜೋಲುವ ಬೆಳ್ಳಿ ಕರಡಿಗೆ ತೆಗೆಯಬೇಕು, ಬೆಳ್ಳಿ ಅಡ್ಡ ಬಂದರೆ ಚಿತ್ರ ಕೆಡುತ್ತದೆ ಎಂದಳು. ಅದರೊಳಗೆ ಇಷ್ಟಲಿಂಗ. ದೀಕ್ಷೆಯಾದವರ ಮೈಬಿಟ್ಟು ಅದು ಹೋಗಬಾರದು.

“ಜೀವ ಹೋದ್ರ ಹೋಗ್ಲಿ, ನಾ ಲಿಂಗ ಬಿಡಾಂವ ಅಲ್ಲ,” ಎಂದು ಎದ್ದು ಬಂದರು. ನಾನು ಜಗಳ ತೆಗೆಯಲಿಲ್ಲ. ತೊಗರಿ ರಾಶಿ ನಡೆದಿತ್ತು. ಹೀಗೇ ನಾಲ್ಕು ವರ್ಷ.

ಈ ಸಲ ಇವರಿಗೆ ಬೆನ್ನುನೋವು ಬಂತು. ಎಣ್ಣೆ ತಿಕ್ಕುವಾಗ ಹೊಟ್ಟೆಗೆ ಕೈ ತಗುಲಿತು. ಒಳಗೆ ಏನೋ ಢಬಢಬ ಬಡಿಯುತ್ತಿತ್ತು. ಜೀಪು ಕರೆಸಿದೆ.

ಉಮರ್ಗಾದಲ್ಲಿ ಮತ್ತೆ ಅದೇ ಮಾತು. “ಆಜೋಬಾ, ಕಾಢಾ ನಾ,” ತೆಗೀರಿ ಅಜ್ಜಾ ಎಂದು ಆಕೆ ಮರಾಠಿಯಲ್ಲಿ ಗೋಗರೆದಳು. ಇವರು ಕರಡಿಗೆಯನ್ನು ಮುಷ್ಟಿಯಲ್ಲಿ ಹಿಡಿದು ಕುಳಿತರು.

“ದಿನಾ ಮುಂಜಾನಿ ಪೂಜಾದಾಗ ಲಿಂಗ ಎಲ್ಲಿರ್ತದ್ರೀ?” ಎಂದೆ.

“ಅಂಗೈದಾಗ.”

“ಆಗೇನ್ ಸತ್ತೀರೇನು? ಅಂಗೈ ಮೈ ಅಲ್ಲೇನು?”

ಮುಷ್ಟಿ ಬಿಚ್ಚಿ ಅಂಗೈ ನೋಡಿಕೊಂಡರು. ನಾನು ಆಕೆಯನ್ನು ಕೇಳಿದೆ, “ಫೋಟೊ ತೆಗಿವಾಗ ಕೈ ಎಲ್ಲಿಡಬೇಕವ್ವಾ?”

ಆಕೆ ಎರಡೂ ಕೈ ತಲೆಯ ಮೇಲೆ ಎತ್ತಿ ತೋರಿಸಿದಳು.

ಲಿಂಗವನ್ನು ಬಟ್ಟೆಯಲ್ಲಿ ಸುತ್ತಿ ಅವರ ಎಡ ಅಂಗೈಗೆ ಕಟ್ಟಿದೆ. ಖಾಲಿ ಕರಡಿಗೆ ನನ್ನ ಸೆರಗಿಗೆ ಬಂತು.

“ನಾಕ್ ವರ್ಷ ಯಾಕ್ ಹೇಳ್ಲಿಲ್ಲ ನೀ?” ಮಲಗಿಕೊಂಡೇ ಕೇಳಿದರು.

“ನನಗೂ ಹೊಳೀಲಿಲ್ಲ. ಸುಮ್ನ ಮಕ್ಕೋರಿ.”

ಕೊಳವೆ ಜಾರಿತ್ತು. ಉಬ್ಬು ಮೊದಲಿಗಿಂತ ದೊಡ್ಡದಾಗಿತ್ತು. ಅಂದೇ ಸೊಲ್ಲಾಪುರಕ್ಕೆ ಒಯ್ದೆವು. ಈ ಸಲ ತೂತು ಸಾಲಲಿಲ್ಲ, ಹೊಟ್ಟೆ ಕೊಯ್ದರು. ಇವರು ಬದುಕಿದರು. ಎದೆಯ ಕೆಳಗಿಂದ ಹೊಕ್ಕಳ ದಾಟಿ ಹೊಲಿಗೆ ಇದೆ. ಕರಡಿಗೆ ತಾಗಿದರೆ ಉರಿಯುತ್ತದೆ ಅಂತಾರೆ. ಅದಕ್ಕೇ ಶಿವದಾರ ಗಿಡ್ಡ ಮಾಡಿ ಎದೆಯ ಮೇಲೆ ಕಟ್ಟಿದ್ದೇನೆ.