ದೊಡ್ಡದು ಮಾಡಿದ ದೀಪ

ಅಳತೆಗೆ ಸಿಗದ ಸಂಗತಿಗಳನ್ನು ನಾನು ನಂಬುತ್ತಿರಲಿಲ್ಲ. ರಾಯಚೂರಿನಿಂದ ಮುಂಬಯಿ ಬಳಿಯ ಕಲ್ಯಾಣಕ್ಕೆ ಹಮಾಲಿಗಾಗಿ ಬಂದ ನಮ್ಮ ಮನೆತನದಲ್ಲಿ ಪದವಿ ಪಡೆದವನು ನಾನೊಬ್ಬನೇ. ಮನೆಯವರು ತಾಯತ, ನಿಂಬೆಹಣ್ಣಿನ ಮಾತೆತ್ತಿದಾಗಲೆಲ್ಲ ವಿದ್ಯುತ್ ವಿಭಾಗದ ನನ್ನ ಓದನ್ನೇ ಉತ್ತರವಾಗಿ ಮುಂದಿಡುತ್ತಿದ್ದೆ. ಆದುದರಿಂದ ಇದನ್ನು ಬರೆಯಲು ನನಗೆ ಸಂಕೋಚವಿದೆ. ಓದುಗರು ನಂಬಲೇಬೇಕೆಂಬ ಒತ್ತಾಯವಿಲ್ಲ.

ಎರಡು ಸಾವಿರದ ಹತ್ತರ ನಂತರದ ಮಾತು. ನವಿ ಮುಂಬಯಿಯ ಖಾರಘರದ ಆಚೆ, ಮಿನಿಬಸ್ಸುಗಳೊಳಗೆ ಹಾಸಿಗೆ, ಅಡುಗೆಕಟ್ಟೆ, ಫ್ರಿಜ್ ಕೂರಿಸಿ ಸಂಚಾರಿ ಮನೆಗಳನ್ನಾಗಿ ಮಾರ್ಪಡಿಸುವ ವರ್ಕ್‌ಶಾಪೊಂದರಲ್ಲಿ ಕೆಲಸಕ್ಕಿದ್ದೆ. ನೆರೂಳದಲ್ಲಿ ಹೋಟೆಲು ನಡೆಸುತ್ತಿದ್ದ ಉಡುಪಿ ಕಡೆಯ ಶೆಟ್ಟರೊಬ್ಬರು ತಮ್ಮ ತಾಯಿಗಾಗಿ ಅಂಥದೊಂದು ಬಸ್ಸು ಮಾಡಿಸಿದ್ದರು. ಆಕೆಗೆ ಕುಳಿತುಕೊಳ್ಳಲು ಆಗುತ್ತಿರಲಿಲ್ಲ. ಉಸಿರಾಟಕ್ಕೆ ಆಮ್ಲಜನಕದ ಯಂತ್ರ ಬೇಕಿತ್ತು. ತವರಿನಲ್ಲಿದ್ದ ತಂಗಿಯನ್ನು ಒಮ್ಮೆ ನೋಡಬೇಕೆಂಬುದು ಆಕೆಯ ಆಸೆ. ಮರುದಿನ ಹೊರಡುವುದಿತ್ತು. ರಾತ್ರಿ ದಾರಿಯಲ್ಲಿ ಬಸ್ಸು ನಿಂತಾಗ ಯಂತ್ರ ನಡೆಯಬೇಕಾದದ್ದು ಬ್ಯಾಟರಿಯಿಂದಲೇ. ಆದರೆ ಸಂಜೆ ತುಂಬಿಸಿದ ಬ್ಯಾಟರಿ, ಏನನ್ನೂ ಬಳಸದಿದ್ದರೂ, ಬೆಳಗಾಗುವಷ್ಟರಲ್ಲಿ ಬರಿದಾಗುತ್ತಿತ್ತು.

ಆ ಮಧ್ಯಾಹ್ನ ಹಾಸಿಗೆ ಒಗ್ಗುತ್ತದೆಯೇ ಎಂದು ನೋಡಲು ತಾಯಿಯನ್ನು ಕರೆತಂದು ಒಳಗೆ ಮಲಗಿಸಿದ್ದರು. ಆಕೆಯ ಯಂತ್ರ ವರ್ಕ್‌ಶಾಪಿನ ಕರೆಂಟಿನಿಂದ ನಡೆಯುತ್ತಿತ್ತು. ನಾನು ಬ್ಯಾಟರಿಯ ತಂತಿ ಬಿಡಿಸಿ ನಡುವೆ ಮೀಟರ್ ಜೋಡಿಸಿದೆ. ಬಸ್ಸಿನಲ್ಲಿ ಎಲ್ಲವೂ ಬಂದ್ ಇದ್ದರೂ ಎಂಟು ಆಂಪಿಯರ್ ಹರಿಯುತ್ತಿತ್ತು. ಯಾವ ಫ್ಯೂಸು ಕಿತ್ತಾಗ ಅಂಕಿ ಇಳಿಯುತ್ತದೆಯೋ ಆ ದಾರಿಯಲ್ಲಿ ದೋಷವಿದೆ ಎಂದು ತಿಳಿಯುವುದು ನಮ್ಮ ಪದ್ಧತಿ. ಎಲ್ಲವನ್ನೂ ಕಿತ್ತರೂ ಅಂಕಿ ಅಲುಗಲಿಲ್ಲ. ಫ್ಯೂಸಿಗೂ ಮೊದಲೇ ಯಾವುದಾದರೂ ತಂತಿ ಕವಲೊಡೆದಿದೆಯೇ ಎಂದು ಹುಡುಕಿದೆ, ಸಿಗಲಿಲ್ಲ. ಅಷ್ಟು ವಿದ್ಯುತ್ತು ವ್ಯಯವಾಗುವಲ್ಲಿ ಬಿಸಿ ಹುಟ್ಟಲೇಬೇಕು. ಕೈಯಾಡಿಸಿದಲ್ಲೆಲ್ಲ ತಣ್ಣಗಿತ್ತು.

“ಏನು ಇಂಜಿನಿಯರ್ ಸಾಹೇಬ್ರೇ, ಕರೆಂಟು ಕುಡಿಯುವ ಭೂತ ಉಂಟಾ ಒಳಗೆ?” ಎಂದರು ಶೆಟ್ಟರು. ನಕ್ಕರಾದರೂ ಕಣ್ಣು ತಾಯಿಯ ಮೇಲಿತ್ತು.

ಆಗ ಆಕೆ ತಲೆಯ ಬದಿಯ ಬೋಳು ಪ್ಲೈವುಡ್ಡಿನತ್ತ ಬೆರಳು ಮಾಡಿ, “ಮಗಾ, ಆ ದೀಪ ದೊಡ್ಡದು ಮಾಡು. ಕಣ್ಣಿಗೆ ಕುಕ್ಕುತ್ತದೆ,” ಎಂದರು.

“ಲೈಟ್ ಎಲ್ಲಾ ಬಂದ್ ಅದಾವ್ರಿ ಅಮ್ಮಾ. ದೊಡ್ಡದು ಮಾಡಿದ್ರ ಇನ್ನಾ ಜಾಸ್ತಿ ಕುಕ್ತದಲ್ರಿ?” ಎನ್ನುತ್ತ, ಬೆಳಕು ಸಾಲದೇನೋ ಎಂದು ಟಾರ್ಚ್ ಹಚ್ಚಿದೆ. ಆಕೆ ಮುಖ ತಿರುಗಿಸಿದರು.

“ಅಯ್ಯೋ ಮಾರಾಯ, ದೊಡ್ಡದು ಮಾಡು ಅಂದ್ರೆ ಆರಿಸು ಅಂತ. ದೀಪ ಆರಿಸು ಅಂತ ಬಾಯಲ್ಲಿ ಹೇಳ್ಲಿಕ್ಕಿಲ್ಲ, ಅಪಶಕುನ.” ಶೆಟ್ಟರು ದನಿ ತಗ್ಗಿಸಿದರು. “ಅಲ್ಲಿ ಏನೂ ಇಲ್ಲ ಅಂತ ನಂಗೂ ಗೊತ್ತುಂಟು. ಅಮ್ಮನ ಸಮಾಧಾನಕ್ಕೆ ಆರಿಸಿದ ಹಾಗೆ ಮಾಡು.”

ಇಲ್ಲದ ಸ್ವಿಚ್ಚನ್ನು ಒತ್ತುವವನಂತೆ ಪ್ಲೈವುಡ್ಡನ್ನು ಬೆರಳಿನಿಂದ ಮುಟ್ಟಿದೆ.

“ಹಾಂ, ಈಗ ಹಾಯಾಯ್ತು,” ಎಂದರು ಆಕೆ.

ಇಳಿದು ಬಂದು ನೋಡಿದಾಗ ಮೀಟರ್ ಸೊನ್ನೆ ತೋರಿಸುತ್ತಿತ್ತು. ಫ್ಯೂಸುಗಳನ್ನೆಲ್ಲ ಮರಳಿ ಹಾಕಿದೆ, ಸೊನ್ನೆಯೇ. ತಾಯಿಯನ್ನು ಕೆಳಗಿಳಿಸಿದ ಮೇಲೆ ಆ ಪ್ಲೈವುಡ್ಡನ್ನು ಬಿಚ್ಚಿಸಿದೆ. ಹಿಂದೆ ತಗಡು, ಥರ್ಮೋಕೋಲ್. ಒಂದೆಳೆ ತಂತಿಯೂ ಇಲ್ಲ. ಗುದ್ದಿದೆ, ಬಸ್ಸನ್ನು ಅಲ್ಲಾಡಿಸಿದೆ. ದೋಷ ಮತ್ತೆ ಬರಲಿ ಎಂದು ನಾನು ಬಯಸಿದ್ದು ಅದೊಂದೇ ಸಲ.

“ನಾಳೆ ಹೊರಡಬಹುದಾ? ನೀನು ಓದಿದವ, ನೀನೇ ಹೇಳು,” ಎಂದರು ಶೆಟ್ಟರು.

ಕಾರಣ ಕಾಣದೆ ಒಪ್ಪುವುದು ನನ್ನ ಓದಿಗೆ ವಿರುದ್ಧವಾಗಿತ್ತು. ಬೇಡವೆಂದರೆ ಆಕೆಗೆ ಇನ್ನೊಂದು ಅವಕಾಶ ಸಿಕ್ಕೀತೆಂಬ ಭರವಸೆಯೂ ಇರಲಿಲ್ಲ.

“ಹೋಗಿ ಬರ್ರಿ,” ಎಂದೆ.

ಊರು ಮುಟ್ಟಿದ ಮೇಲೆ ಶೆಟ್ಟರು ಫೋನ್ ಮಾಡಿದರು. ಯಂತ್ರ ರಾತ್ರಿಯಿಡೀ ನಡೆದಿತ್ತು. ಅಕ್ಕತಂಗಿಯರ ಮಾತು ಮುಗಿಯುತ್ತಿಲ್ಲ ಎಂದರು. ಕೊನೆಗೆ, “ಅಲ್ಲ, ಎಂತ ಆಗಿತ್ತು ಅದಕ್ಕೆ?” ಎಂದು ಕೇಳಿದರು.

“ಲೂಸ್ ಕನೆಕ್ಷನ್,” ಎಂದೆ. ಕಾರಣ ತಿಳಿಯದಿದ್ದಾಗ ನಮ್ಮ ವೃತ್ತಿಯವರು ಹೇಳುವ ಮಾತು ಅದು. ಇಂದಿಗೂ ನನ್ನಲ್ಲಿರುವ ಉತ್ತರ ಅಷ್ಟೇ.